ಹಿಡಿಯದೆಯೂ ಕೈಯಲ್ಲಿ ನಿಲ್ಲಬೇಕು: ಬೌಲಿಂಗ್ ಚೆಂಡಿನ ಬೆರಳಳತೆ

ಟೆನ್‌ಪಿನ್ ಬೌಲಿಂಗ್ ಚೆಂಡಿನಲ್ಲಿ ಸಾಮಾನ್ಯವಾಗಿ ಮೂರು ತೂತುಗಳು: ಹೆಬ್ಬೆರಳಿಗೊಂದು, ನಡುಬೆರಳಿಗೊಂದು, ಉಂಗುರದ ಬೆರಳಿಗೊಂದು. ಚೆಂಡಿನ ಗರಿಷ್ಠ ತೂಕ 16 ಪೌಂಡ್, ಅಂದರೆ ಏಳೂಕಾಲು ಕಿಲೋದಷ್ಟು. ಅಡ್ಡಳತೆ ಸುಮಾರು ಎಂಟೂವರೆ ಇಂಚು. ಇಷ್ಟು ಭಾರದ ನುಣುಪಾದ ಗುಂಡನ್ನು ಆಟಗಾರ ಒಂದೇ ಕೈಯಲ್ಲಿ ಹಿಂದಕ್ಕೆ ತೂಗಿ, ಮುಂದಕ್ಕೆ ತಂದು, ಲೇನಿನ ಮೇಲೆ ಬಿಡಬೇಕು. ಮೊದಲ ಪಿನ್ ಇರುವುದು 60 ಅಡಿ ಆಚೆ. ಲೇನಿನ ಅಗಲ ಮೂರೂವರೆ ಅಡಿಗೂ ಸ್ವಲ್ಪ ಕಡಿಮೆ. ಚೆಂಡು ಕೈಬಿಡುವಾಗ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ ಪಿನ್‌ಗಳ ಹತ್ತಿರ ಹೋಗುವಷ್ಟರಲ್ಲಿ ಅದು ಒಂದು ಅಡಿಗಿಂತ ಹೆಚ್ಚಿನ ತಪ್ಪಾಗಿರುತ್ತದೆ. ಕಾಲಿನ ಹೆಜ್ಜೆ, ತೋಳಿನ ತೂಗು, ಕಣ್ಣಿನ ಗುರಿ ಎಲ್ಲವೂ ಸರಿಯಿದ್ದು ಬೆರಳು ತೂತಿಗೆ ಸರಿಹೊಂದದಿದ್ದರೆ ಆಟ ಸರಿಹೋಗದು.

ಅಳತೆ ಯಾಕೆ ಇಷ್ಟು ಮುಖ್ಯ ಎಂದು ತಿಳಿಯಲು ಚೆಂಡು ಕೈಯಿಂದ ಹೊರಡುವ ರೀತಿಯನ್ನು ನೋಡಬೇಕು. ತೋಳು ಕೆಳಗೆ ಬಂದು, ಚೆಂಡು ಕಣಕಾಲಿನ ಪಕ್ಕ ಹಾಯುವ ಹೊತ್ತಿಗೆ ಹೆಬ್ಬೆರಳು ಮೊದಲು ಹೊರಬರಬೇಕು. ಆಗ ಚೆಂಡಿನ ಭಾರವೆಲ್ಲ ಉಳಿದೆರಡು ಬೆರಳಿನ ಮೇಲೆ ಬೀಳುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಆ ಅಂತರದಲ್ಲೇ ಬೆರಳುಗಳು ಚೆಂಡಿಗೆ ತಿರುಗುವ ಗತಿ ಕೊಡುತ್ತವೆ. ಬಲಗೈ ಆಟಗಾರನ ಚೆಂಡು ಲೇನಿನ ಕೊನೆಯಲ್ಲಿ ಎಡಕ್ಕೆ ಹೊರಳಿ, ಒಂದನೇ ಮತ್ತು ಮೂರನೇ ಪಿನ್‌ಗಳ ನಡುವಿನ ಸಂದಿಗೆ ನುಗ್ಗುವುದು ಈ ತಿರುಗಿನಿಂದ. ಆ ಸಂದಿಗೆ ಸುಮಾರು 6 ಡಿಗ್ರಿ ಕೋನದಲ್ಲಿ ಹೊಕ್ಕ ಚೆಂಡಿಗೆ ಹತ್ತೂ ಪಿನ್ ಬೀಳಿಸುವ ಸಾಧ್ಯತೆ ಹೆಚ್ಚು. ನೇರವಾಗಿ ಉರುಳುವ ಚೆಂಡಿಗೆ ಅಷ್ಟು ಕೋನ ಸಿಗುವುದಿಲ್ಲ.

ಹೆಬ್ಬೆರಳು ತೂತಿನಲ್ಲಿ ಸಿಕ್ಕಿಕೊಂಡರೆ ಚೆಂಡು ಕೈಯೊಂದಿಗೇ ಮೇಲೇರಿ, ಲೇನಿನ ಮೇಲೆ ದಡ್ ಎಂದು ಬೀಳುತ್ತದೆ. ತೂತು ಸಡಿಲವಾಗಿದ್ದರೆ ಸಮಯಕ್ಕೆ ಮುಂಚೆಯೇ ಜಾರುತ್ತದೆ. ಈ ಎರಡನೆಯದರಲ್ಲಿ ಇನ್ನೊಂದು ಅಪಾಯವಿದೆ. ಚೆಂಡು ಎಲ್ಲಿ ಬಿದ್ದೀತೋ ಎಂಬ ಭಯಕ್ಕೆ ಆಟಗಾರ ತನಗೆ ಗೊತ್ತಿಲ್ಲದೆಯೇ ಅದನ್ನು ಅಮುಕಿ ಹಿಡಿಯಲು ಶುರುಮಾಡುತ್ತಾನೆ. ಅಮುಕಿದ ಕೂಡಲೇ ಹೆಬ್ಬೆರಳಿನ ಗೆಣ್ಣು ಮಡಚುತ್ತದೆ, ಮುಂಗೈ ಬಿಗಿಯುತ್ತದೆ, ಲೋಲಕದಂತೆ ತೂಗಬೇಕಿದ್ದ ತೋಳನ್ನು ಸ್ನಾಯುಗಳು ಎಳೆದಾಡುತ್ತವೆ. ಬೌಲಿಂಗ್‌ನಲ್ಲಿ ಕಾಣುವ ಎಷ್ಟೋ ದೋಷಗಳ ಬೇರು ಈ ಅಮುಕುವಿಕೆಯಲ್ಲಿದೆ. ಅದನ್ನು ಉಪದೇಶದಿಂದ ಬಿಡಿಸಲಾಗದು. ಚೆಂಡು ಬೀಳುವುದಿಲ್ಲ ಎಂದು ಕೈಗೆ ಖಾತ್ರಿಯಾದಾಗ ಮಾತ್ರ ಕೈ ಸಡಿಲಾಗುತ್ತದೆ. ತೋಳನ್ನು ಇಳಿಬಿಟ್ಟು, ಬೆರಳುಗಳನ್ನು ಬಿಗಿಹಿಡಿಯದೆ ನಿಂತಾಗಲೂ ಚೆಂಡು ಕೈಯಲ್ಲೇ ನಿಲ್ಲಬೇಕು. ಸರಿಯಾದ ಅಳತೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅಳತೆ ಕೂಡಿದ 14 ಪೌಂಡ್ ಚೆಂಡು ಅಳತೆ ಕೂಡದ 12 ಪೌಂಡಿಗಿಂತ ಹಗುರ ಅನ್ನಿಸುವುದೂ ಇದೇ ಕಾರಣಕ್ಕೆ.

ಬೆಂಗಳೂರಿನ ಮಾಲ್‌ಗಳಲ್ಲಿ ಬೌಲಿಂಗ್ ಆಡಿದವರು ಮೊದಲು ಕೈಗೆತ್ತಿಕೊಳ್ಳುವುದು ಹೌಸ್ ಬಾಲ್, ಅಂದರೆ ಸ್ಟ್ಯಾಂಡಿನಲ್ಲಿ ಬಣ್ಣಬಣ್ಣವಾಗಿ ಜೋಡಿಸಿಟ್ಟ ಸಾರ್ವಜನಿಕ ಚೆಂಡು. ಅದನ್ನು ಯಾರ ಕೈಗೂ ಕೊರೆದಿರುವುದಿಲ್ಲ, ಎಲ್ಲರ ಕೈಗೂ ಆಗಲಿ ಎಂದು ಕೊರೆದಿರುತ್ತಾರೆ. ಹೆಬ್ಬೆರಳಿನ ತೂತು ಸಾಮಾನ್ಯವಾಗಿ ದೊಡ್ಡದು, ಬೆರಳಿನ ತೂತುಗಳು ಅದಕ್ಕೆ ಹತ್ತಿರ. ತೂಕದ ಚೆಂಡಿಗೆ ದೊಡ್ಡ ತೂತು, ಹಗುರ ಚೆಂಡಿಗೆ ಚಿಕ್ಕ ತೂತು ಎಂಬ ಲೆಕ್ಕ ಅಲ್ಲಿಯದು. ಹೀಗಾಗಿ ದಪ್ಪ ಬೆರಳಿನ ಆದರೆ ಬಲ ಕಡಿಮೆಯಿರುವ ವ್ಯಕ್ತಿಗೂ, ತೆಳು ಬೆರಳಿನ ಗಟ್ಟಿ ಆಳಿಗೂ ಹೊಂದುವ ಹೌಸ್ ಬಾಲ್ ಸಿಗುವುದು ಕಷ್ಟ. ದೇಹದ ತೂಕದ ಹತ್ತನೇ ಒಂದು ಭಾಗದಷ್ಟು ತೂಕದ ಚೆಂಡು ಎಂಬ ಮಾತು ಚಾಲ್ತಿಯಲ್ಲಿದೆ. ಅದು ಹುಡುಕಾಟ ಶುರುಮಾಡಲು ಸಾಕು, ಅದಕ್ಕಿಂತ ಹೆಚ್ಚು ನಂಬಬೇಕಾಗಿಲ್ಲ. ತೂಕ ನೋಡಿದ ಮೇಲೆ ಹೆಬ್ಬೆರಳನ್ನು ಬುಡದವರೆಗೆ ಇಳಿಸಿ ಒಮ್ಮೆ ತಿರುಗಿಸಬೇಕು. ಚರ್ಮ ಸುತ್ತಲೂ ಮೆಲ್ಲಗೆ ತಾಗುತ್ತ, ಬೆರಳು ಎಲ್ಲೂ ಸಿಕ್ಕಿಕೊಳ್ಳದೆ ತಿರುಗಿದರೆ ತೂತು ಸರಿ. ಗೊಟಕ್ ಎಂದು ಹೊರಬಂದರೆ ಬಿಗಿ, ಅಲ್ಲಾಡಿದರೆ ಸಡಿಲ. ಆಮೇಲೆ ಬೆರಳುಗಳನ್ನು ನಡುಗೆಣ್ಣಿನವರೆಗೆ ಹಾಕಿ, ಅಂಗೈಗೂ ಚೆಂಡಿಗೂ ನಡುವಿನ ಜಾಗ ನೋಡಬೇಕು. ಅಲ್ಲಿ ಒಂದು ಪೆನ್ಸಿಲ್ ಅಲುಗಾಡದೆ ಕೂರುವಷ್ಟು ಜಾಗ ಸಾಕು ಎಂದು ಹಳೆಯ ತರಬೇತುದಾರರು ಹೇಳುತ್ತ ಬಂದಿದ್ದಾರೆ.

ಚೆಂಡಿಗೆ ತೂತು ಕೊರೆಯುವ ವಿದ್ಯೆ ಬೆಳೆದದ್ದು ಅಮೆರಿಕದಲ್ಲಿ. ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ 1895ರಲ್ಲಿ ಹುಟ್ಟಿ ಆಟಕ್ಕೆ ಒಂದೇ ನಿಯಮ ತಂದ ಕಾಲದಲ್ಲಿ ಚೆಂಡುಗಳು ಲಿಗ್ನಮ್ ವೀಟೆ ಎಂಬ ಅತಿ ಗಟ್ಟಿ ಮರದವು. ಬಹಳ ಕಾಲ ಅವುಗಳಿಗೆ ಎರಡೇ ತೂತು: ಹೆಬ್ಬೆರಳಿಗೆ ಮತ್ತು ನಡುಬೆರಳಿಗೆ. 20ನೇ ಶತಮಾನದ ಆರಂಭದಲ್ಲಿ ಗಟ್ಟಿ ರಬ್ಬರ್ ಬಂತು. ಬ್ರನ್ಸ್‌ವಿಕ್ ಕಂಪನಿ 1914ರಲ್ಲಿ ಮಿನರಲೈಟ್ ಎಂಬ ರಬ್ಬರ್ ಚೆಂಡನ್ನು ಮಾರುಕಟ್ಟೆಗೆ ತಂದ ಮೇಲೆ ಮರದ ಚೆಂಡು ಹಿಂದೆ ಸರಿಯಿತು. ಮುಂದೆ ಪಾಲಿಯೆಸ್ಟರ್, 1980ರ ದಶಕದಲ್ಲಿ ಯುರೆಥೇನ್, 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್. ಚೆಂಡಿನ ಹೊರಮೈ ಲೇನನ್ನು ಹೆಚ್ಚು ಹೆಚ್ಚು ಕಚ್ಚುತ್ತ ಹೋದಂತೆ ಬೆರಳು ಕೊಡುವ ತಿರುಗಿಗೆ ಬೆಲೆಯೂ ಹೆಚ್ಚಿತು, ಅದರ ಜೊತೆಗೆ ಅಳತೆಯ ನಿಖರತೆಗೂ. ಇದೇ ಕುಟುಂಬದ ಡಕ್‌ಪಿನ್, ಕ್ಯಾಂಡಲ್‌ಪಿನ್ ಆಟಗಳಿಗೆ ಈ ತಾಪತ್ರಯವೇ ಇಲ್ಲ. ಅವುಗಳ ಚೆಂಡು ಅಂಗೈಗೆ ಹಿಡಿಸುವಷ್ಟು ಚಿಕ್ಕದು, ತೂತೂ ಇಲ್ಲ.

ಹಿಡಿತದಲ್ಲಿ ಎರಡು ಮುಖ್ಯ ಬಗೆ. ಎರಡು ಬೆರಳು ನಡುಗೆಣ್ಣಿನವರೆಗೆ ತೂತಿನೊಳಗೆ ಹೋದರೆ ಅದು ಕನ್ವೆನ್ಷನಲ್. ತುದಿಗೆಣ್ಣಿನವರೆಗೆ ಮಾತ್ರ ಹೋದರೆ ಫಿಂಗರ್‌ಟಿಪ್. ಮೊದಲನೆಯದರಲ್ಲಿ ಚೆಂಡು ಭದ್ರವಾಗಿ ಕೂರುತ್ತದೆ, ಹೊಸಬರಿಗೆ ಧೈರ್ಯ ಬರುತ್ತದೆ. ಆದರೆ ಮೂರೂ ಬೆರಳು ಹೆಚ್ಚುಕಡಿಮೆ ಒಟ್ಟಿಗೇ ಹೊರಬರುವುದರಿಂದ ತಿರುಗು ಕಡಿಮೆ. ಎರಡನೆಯದರಲ್ಲಿ ಹೆಬ್ಬೆರಳು ಹೋದ ಮೇಲೂ ಬೆರಳ ತುದಿಗಳು ಚೆಂಡಿನ ಮೇಲೆ ಉಳಿಯುತ್ತವೆ, ತಿರುಗು ಹೆಚ್ಚು. ಹೆಬ್ಬೆರಳು ಬಳಸುವ ವೃತ್ತಿಪರರ ಹಿಡಿತ ಇದೇ. ಇವೆರಡರ ನಡುವೆ ಸೆಮಿ ಫಿಂಗರ್‌ಟಿಪ್ ಎಂಬುದೂ ಇದೆ. ಬೆರಳು ಎರಡು ಗೆಣ್ಣುಗಳ ನಡುವೆ ಎಲ್ಲೋ ನಿಲ್ಲಬೇಕಾದ್ದರಿಂದ ಪ್ರತಿ ಸಲ ಅದೇ ಆಳಕ್ಕೆ ಹೋಗುತ್ತದೆ ಎಂಬ ಭರವಸೆ ಇಲ್ಲ. ಆದ್ದರಿಂದ ಅದನ್ನು ಆಯ್ದುಕೊಳ್ಳದಿರುವುದೇ ಮೇಲು.

ಅಳತೆಗಳಲ್ಲಿ ಮೊದಲನೆಯದು ಸ್ಪ್ಯಾನ್: ಹೆಬ್ಬೆರಳಿನ ತೂತಿನ ಒಳ ಅಂಚಿನಿಂದ ಬೆರಳಿನ ತೂತಿನ ಒಳ ಅಂಚಿನವರೆಗೆ ಚೆಂಡಿನ ಮೈಮೇಲಿನ ದೂರ. ಇದನ್ನು ನಡುಬೆರಳಿಗೆ ಬೇರೆ, ಉಂಗುರದ ಬೆರಳಿಗೆ ಬೇರೆ ಅಳೆಯಬೇಕು. ಎರಡೂ ಒಂದೇ ಬರಬೇಕೆಂದಿಲ್ಲ, ಸಾಮಾನ್ಯವಾಗಿ ಬರುವುದೂ ಇಲ್ಲ. ಸ್ಪ್ಯಾನ್ ಉದ್ದವಾದರೆ ಹೆಬ್ಬೆರಳಿನ ಬುಡ ಎಳೆಯುತ್ತದೆ, ತೋರುಬೆರಳಿಗೂ ಹೆಬ್ಬೆರಳಿಗೂ ನಡುವಿನ ಚರ್ಮ ಬಿಗಿಯುತ್ತದೆ, ಹೆಬ್ಬೆರಳು ಪೂರ್ತಿ ಒಳಗೆ ಹೋಗದೆ ಅರ್ಧಕ್ಕೇ ನಿಲ್ಲುತ್ತದೆ. ಗಿಡ್ಡವಾದರೆ ಅಂಗೈಯ ಕೆಳಗೆ ಟೊಳ್ಳು ಉಳಿದು ಬೆರಳುಗಳು ಕೊಕ್ಕೆಯಂತೆ ಬಾಗುತ್ತವೆ, ಅಮುಕುವ ಚಟ ಅಲ್ಲಿಂದಲೇ ಶುರು. ಅಂಗಡಿಯಲ್ಲಿ ಸುಮ್ಮನೆ ನಿಂತು ಹಿಡಿದಾಗ ಗಿಡ್ಡ ಸ್ಪ್ಯಾನ್ ಹಾಯೆನಿಸುವುದು, ಸರಿಯಾದ ಸ್ಪ್ಯಾನ್ ತುಸು ಬಿಗಿ ಎನಿಸುವುದು ಸಾಮಾನ್ಯ. ಹಾಗಾಗಿ ಗಿರಾಕಿಯ ಮಾತನ್ನಷ್ಟೇ ನಂಬಿ ಅಳತೆ ಮಾಡುವವನು ಒಳ್ಳೆಯ ಡ್ರಿಲ್ಲರ್ (ತೂತು ಕೊರೆಯುವವನು) ಅಲ್ಲ.

ಎರಡನೆಯದು ತೂತಿನ ಗಾತ್ರ. ಡ್ರಿಲ್ ಬಿಟ್ಟುಗಳ ಅಳತೆ ಇಂಚಿನ 64ನೇ ಭಾಗದ ಲೆಕ್ಕದಲ್ಲಿ ಏರುತ್ತದೆ. ಒಂದು ಮೆಟ್ಟಿಲು ಅಂದರೆ ಮಿಲಿಮೀಟರಿನ ಅರ್ಧವೂ ಇಲ್ಲ, ಸುಮಾರು 0.4 ಮಿಲಿಮೀಟರ್. ಬಳೆಗಾರ ಕೈಯನ್ನು ಮೆದುವಾಗಿ ಒತ್ತಿ ನೋಡಿ ಎರಡು ನಾಲ್ಕೋ, ಎರಡು ಆರೋ ಎಂದು ಇಂಚಿನ ಹದಿನಾರನೇ ಭಾಗದ ಲೆಕ್ಕದಲ್ಲಿ ಬಳೆ ತೆಗೆಯುವಂತೆ ಇಲ್ಲಿಯೂ ಡ್ರಿಲ್ಲರ್ ಕೈ ನೋಡಿ ಅಂದಾಜು ಮಾಡುತ್ತಾನೆ. ಆದರೆ ಅವನ ಮೆಟ್ಟಿಲು ಅದಕ್ಕಿಂತ ನಾಲ್ಕು ಪಟ್ಟು ಸಣ್ಣದು. ಜೊತೆಗೆ ಹೆಬ್ಬೆರಳು ದುಂಡಗಿರುವುದಿಲ್ಲ. ಒಂದು ಬದಿಯಿಂದ ಚಪ್ಪಟೆ, ಇನ್ನೊಂದು ಬದಿಯಿಂದ ಅಗಲ. ದುಂಡು ತೂತಿಗೆ ಅಗಲದ ಲೆಕ್ಕ ಹಿಡಿದರೆ ಹಿಂದೆ ಮುಂದೆ ಖಾಲಿ ಉಳಿಯುತ್ತದೆ. ದಪ್ಪದ ಲೆಕ್ಕ ಹಿಡಿದರೆ ಬದಿ ಉಜ್ಜುತ್ತದೆ. ಆದ್ದರಿಂದ ನುರಿತವರು ಹೆಬ್ಬೆರಳಿನ ತೂತನ್ನು ಅಂಡಾಕಾರಕ್ಕೆ ಕೊರೆಯುತ್ತಾರೆ.

ಅಳತೆ ನಡೆಯುವ ರೀತಿಯೇ ನೋಡುವಂಥದ್ದು. ಪ್ರೊ ಶಾಪ್ ಎಂದು ಕರೆಯುವ ಅಂಗಡಿಯಲ್ಲಿ ಡ್ರಿಲ್ಲರ್ ಮೊದಲು ಗಿರಾಕಿಯ ಕೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ: ಎಲ್ಲಿ ಜಡ್ಡುಗಟ್ಟಿದೆ, ಹೆಬ್ಬೆರಳು ಹಿಂದಕ್ಕೆ ಎಷ್ಟು ಬಾಗುತ್ತದೆ, ಹಳೆಯ ಗಾಯ ಇದೆಯೇ, ಸಂಧಿವಾತ ಇದೆಯೇ. ಬೇರೆ ಬೇರೆ ಗಾತ್ರದ ತೂತುಗಳಿರುವ ಒಂದು ಪಟ್ಟಿಯಲ್ಲಿ ಹೆಬ್ಬೆರಳನ್ನು ಒಂದೊಂದಾಗಿ ಇಳಿಸಿ ಗಾತ್ರ ಹಿಡಿಯುತ್ತಾನೆ. ಆಮೇಲೆ ಅಳತೆಗೆಂದೇ ಮಾಡಿದ ಚೆಂಡು. ಅದರ ಹೆಬ್ಬೆರಳಿನ ತೂತಿಗೆ ಬೆರಳನ್ನು ಬುಡದವರೆಗೆ ಇಳಿಸಿ, ಅಂಗೈಯನ್ನು ಮೈಮೇಲೆ ಸಪಾಟಾಗಿ ಹಾಸಿ, ಬೆರಳಿನ ಗೆಣ್ಣುಗೆರೆ ತೂತಿನ ಅಂಚಿಗೆ ಎಲ್ಲಿ ಬರುತ್ತದೆ ಎಂದು ನೋಡಬೇಕು. ಕನ್ವೆನ್ಷನಲ್ ಹಿಡಿತವಾದರೆ ನಡುಗೆಣ್ಣಿನ ಗೆರೆ ತೂತಿನ ಒಳ ಅಂಚನ್ನು ದಾಟಿ ಕಾಲಿಂಚು ಆಚೆ ನಿಂತರೆ ಸ್ಪ್ಯಾನ್ ಸರಿ, ಏಕೆಂದರೆ ಬೆರಳನ್ನು ಮಡಚಿ ಒಳಗೆ ಹಾಕುವಾಗ ಅಷ್ಟು ಉದ್ದ ತಿನ್ನುತ್ತದೆ. ಕೊನೆಗೆ ಬಾಗುವ ಪಟ್ಟಿಯೊಂದನ್ನು ಚೆಂಡಿನ ಮೈಗೆ ಒತ್ತಿ ಸಂಖ್ಯೆ ಓದಿ ಚೀಟಿಯಲ್ಲಿ ಬರೆಯುತ್ತಾನೆ. ಎರಡು ಬೆರಳಿನ ತೂತುಗಳ ನಡುವೆ ಉಳಿಸುವ ಗೋಡೆಗೆ ಬ್ರಿಡ್ಜ್ ಎನ್ನುತ್ತಾರೆ. ಅದು ಬಹುಮಟ್ಟಿಗೆ ಕಾಲಿಂಚು, ಬೆರಳು ಅಗಲವಾಗಿ ಹರಡುವವರಿಗೆ ಸ್ವಲ್ಪ ಹೆಚ್ಚು.

ಸ್ಪ್ಯಾನ್, ಗಾತ್ರ ಎರಡನ್ನೂ ಸರಿಯಾಗಿ ಹಿಡಿದರೂ ಚೆಂಡು ಕೈಗೆ ಒಗ್ಗದೆ ಹೋಗಬಹುದು. ಕಾರಣ ಪಿಚ್, ಅಂದರೆ ತೂತು ಒಳಗೆ ಇಳಿಯುವ ಕೋನ. ತೂತು ನೇರವಾಗಿ ಚೆಂಡಿನ ಕೇಂದ್ರಕ್ಕೆ ಗುರಿಯಿಟ್ಟರೆ ಅದು ಸೊನ್ನೆ ಪಿಚ್. ತೂತಿನ ತಳ ಅಂಗೈಯ ಕೆಳಭಾಗಕ್ಕೆ ವಾಲಿದರೆ ಫಾರ್ವರ್ಡ್, ಅಂಗೈಯಿಂದ ದೂರಕ್ಕೆ ವಾಲಿದರೆ ರಿವರ್ಸ್. ಎಡಬಲಕ್ಕೆ ವಾಲುವುದು ಲ್ಯಾಟರಲ್. ಅಳೆಯುವುದು ಡಿಗ್ರಿಯಲ್ಲಿ ಅಲ್ಲ, ಇಂಚಿನಲ್ಲಿ: ತೂತಿನ ನಡುಗೆರೆಯನ್ನು ಒಳಕ್ಕೆ ಎಳೆದರೆ ಅದು ಕೇಂದ್ರದಿಂದ ಎಷ್ಟು ದೂರದಲ್ಲಿ ಹಾಯುತ್ತದೆ ಎಂಬುದೇ ಪಿಚ್. ಹೆಬ್ಬೆರಳಿಗೆ ಫಾರ್ವರ್ಡ್ ಪಿಚ್ ಇದ್ದರೆ ಚೆಂಡು ಕೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ರಿವರ್ಸ್ ಇದ್ದರೆ ಬೇಗ ಬಿಡುತ್ತದೆ. ಸ್ಪ್ಯಾನ್ ಉದ್ದವಾದಷ್ಟೂ ಹೆಬ್ಬೆರಳಿಗೆ ರಿವರ್ಸ್ ಹೆಚ್ಚಿಸಬೇಕು, ಗಿಡ್ಡವಾದಷ್ಟೂ ಫಾರ್ವರ್ಡ್ ಕಡೆಗೆ ಬರಬೇಕು ಎಂಬುದು ಈ ಕಸುಬಿನ ಹಳೆಯ ಸೂತ್ರ. ಅದರ ಮೇಲೆ ಆ ವ್ಯಕ್ತಿಯ ಹೆಬ್ಬೆರಳು ಎಷ್ಟು ಬಾಗುತ್ತದೆ ಎಂಬ ಲೆಕ್ಕ ಸೇರುತ್ತದೆ. ಹೆಬ್ಬೆರಳು ಸಿಕ್ಕಿಕೊಳ್ಳುತ್ತದೆ ಎಂದು ದೂರಿದ ಕೂಡಲೇ ರಿವರ್ಸ್ ಹೆಚ್ಚಿಸಿಬಿಡುವ ಡ್ರಿಲ್ಲರುಗಳಿದ್ದಾರೆ. ಬಹಳ ಸಲ ಇದು ಉಲ್ಟಾ ಹೊಡೆಯುತ್ತದೆ. ಚೆಂಡು ಜಾರುತ್ತದೆಂಬ ಅಳುಕಿಗೆ ಆಟಗಾರ ಇನ್ನಷ್ಟು ಅಮುಕುತ್ತಾನೆ, ಅಮುಕಿದ್ದಕ್ಕೆ ಹೆಬ್ಬೆರಳು ಇನ್ನಷ್ಟು ಸಿಕ್ಕಿಕೊಳ್ಳುತ್ತದೆ.

ತೂತಿನ ಬಾಯಿಯ ಅಂಚನ್ನು ಉರುಟಾಗಿಸುವುದು ಬೆವೆಲ್. ಕೆಲಸ ಚಿಕ್ಕದು, ಒಂದು ಚಾಕು ಮತ್ತು ಸ್ಯಾಂಡ್‌ಪೇಪರ್ ಸಾಕು. ಆದರೆ ಅಂಚು ಹರಿತವಾಗಿ ಉಳಿದರೆ ಮಿಕ್ಕೆಲ್ಲ ಅಳತೆ ಕೂಡಿದರೂ ಚರ್ಮ ಕೀಳುತ್ತದೆ. ಅತಿಯಾಗಿ ಕೆತ್ತಿದರೆ ಸ್ಪ್ಯಾನೇ ಬದಲಾಗಿ, ಹಿಡಿತಕ್ಕೆ ಆಧಾರ ಸಿಗುವುದಿಲ್ಲ.

ಫಿಂಗರ್‌ಟಿಪ್ ಚೆಂಡಿನಲ್ಲಿ ಬೆರಳುಗಳ ತೂತಿನೊಳಗೆ ಮೆತ್ತನೆಯ ರಬ್ಬರಿನಂಥ ಕೊಳವೆ ಕೂರಿಸಿರುತ್ತಾರೆ, ಅದೇ ಇನ್ಸರ್ಟ್. ಅದು ಬೆರಳಿಗೆ ಹಿಡಿತ ಕೊಡುತ್ತದೆ. ಸವೆದಾಗ ಕಿತ್ತು ಹೊಸದನ್ನು ಅಂಟಿಸಬಹುದು, ಚೆಂಡನ್ನು ಮುಟ್ಟಬೇಕಾಗಿಲ್ಲ. ಹೆಬ್ಬೆರಳಿಗೆ ಸ್ಲಗ್ ಎಂಬ ನುಣುಪಾದ ಪ್ಲಾಸ್ಟಿಕ್ ತುಂಡನ್ನು ಚೆಂಡಿನೊಳಗೆ ಕೂರಿಸಿ ಅದರಲ್ಲೇ ತೂತು ಕೊರೆಯುತ್ತಾರೆ. ಹಲವು ಚೆಂಡು ಇಟ್ಟುಕೊಳ್ಳುವವರು ಈಚೆಗೆ ತಿರುಗಿಸಿ ತೆಗೆಯಬಹುದಾದ ಹೆಬ್ಬೆರಳಿನ ಸ್ಲಗ್ ಹಾಕಿಸುತ್ತಾರೆ. ಒಂದೇ ಸ್ಲಗ್ ಎಲ್ಲ ಚೆಂಡಿಗೂ ಹೋಗುವುದರಿಂದ ಹೆಬ್ಬೆರಳಿಗೆ ಪ್ರತಿ ಚೆಂಡಿನಲ್ಲೂ ಅದೇ ತೂತು.

ಇಷ್ಟೆಲ್ಲ ಮಾಡಿದರೂ ಕೈ ಮಾತ್ರ ಒಂದೇ ಅಳತೆಯಲ್ಲಿ ಉಳಿಯುವುದಿಲ್ಲ. ಸೆಖೆಗೆ ಬೆರಳು ಊದುತ್ತದೆ, ಚಳಿಗೆ, ಎಸಿಯ ತಂಪಿಗೆ ಕುಗ್ಗುತ್ತದೆ. ಆಡುತ್ತ ಆಡುತ್ತ ರಕ್ತ ಇಳಿದು ಹೆಬ್ಬೆರಳು ದಪ್ಪವಾಗುವವರಿದ್ದಾರೆ, ಅದೇ ಆಟದಲ್ಲಿ ತೆಳುವಾಗುವವರೂ ಇದ್ದಾರೆ. ಇದಕ್ಕೆ ಮದ್ದು ಟೇಪ್. ಬೆರಳಗಲದ ಅಂಟುಪಟ್ಟಿಯನ್ನು ತೂತಿನ ಒಳಗೋಡೆಗೆ, ಬಾಯಿಯಿಂದ ತುಸು ಕೆಳಗೆ ಅಂಟಿಸುವುದು. ಹೆಬ್ಬೆರಳಿನ ಮೆತ್ತನೆಯ ಭಾಗ ತಾಗುವ ಕಡೆ ಒರಟಾದ ಬಿಳಿ ಟೇಪ್ ಹಾಕಿದರೆ ಹಿಡಿತ ಬರುತ್ತದೆ. ಉಗುರಿನ ಕಡೆ ನುಣುಪಾದ ಕಪ್ಪು ಟೇಪ್ ಹಾಕಿದರೆ ಜಾಗ ತುಂಬುತ್ತದೆ, ಬೆರಳು ಹೊರಬರಲು ಅಡ್ಡಿಯಾಗದು. ಅನುಭವಿ ಆಟಗಾರರು ತೂತನ್ನು ಬೇಕೆಂದೇ ಸ್ವಲ್ಪ ದೊಡ್ಡದಾಗಿ ಕೊರೆಸಿ, ನಾಲ್ಕಾರು ಪದರ ಟೇಪ್ ಹಾಕಿಟ್ಟುಕೊಳ್ಳುತ್ತಾರೆ. ಬೆರಳು ಊದಿದರೆ ಒಂದು ಪದರ ಕಿತ್ತರಾಯಿತು, ಕುಗ್ಗಿದರೆ ಒಂದು ಸೇರಿಸಿದರಾಯಿತು. ಪಂದ್ಯದ ನಡುವೆ ಆಟಗಾರನೊಬ್ಬ ಚಿಕ್ಕ ಚಿಮಟದಿಂದ ತೂತಿನೊಳಗೆ ಏನನ್ನೋ ಕೆದಕುತ್ತಿದ್ದರೆ ನಡೆಯುತ್ತಿರುವುದು ಇದೇ ಕೆಲಸ.

ಅಳತೆ ತಪ್ಪಿದೆಯೇ ಎಂದು ಕೈಯೇ ಹೇಳುತ್ತದೆ. ಹೆಬ್ಬೆರಳಿನ ಗೆಣ್ಣಿನ ಮೇಲೆ, ಉಗುರಿನ ಕಡೆ ಜಡ್ಡು ಕಟ್ಟಿದ್ದರೆ ಬೆರಳು ತೂತಿನೊಳಗೆ ಮಡಚುತ್ತಿದೆ: ತೂತು ಸಡಿಲ ಅಥವಾ ಸ್ಪ್ಯಾನ್ ಗಿಡ್ಡ. ಬದಿಯಲ್ಲಿ ಗುಳ್ಳೆ ಎದ್ದರೆ ತೂತು ಬಿಗಿ, ಇಲ್ಲವೇ ಎಡಬಲದ ಪಿಚ್ ತಪ್ಪಿದೆ. ಬುಡದಲ್ಲಿ ನೋವಿದ್ದರೆ ಮೊದಲ ಅನುಮಾನ ಉದ್ದ ಸ್ಪ್ಯಾನ್ ಮೇಲೆ. ನಡುಬೆರಳು, ಉಂಗುರದ ಬೆರಳಿನ ತುದಿಯ ಚರ್ಮ ಕಿತ್ತುಬಂದರೆ ಅಲ್ಲಿಯ ತೂತಿನ ದೋಷವೇ ಇರಬೇಕೆಂದಿಲ್ಲ. ಹೆಬ್ಬೆರಳು ತಡವಾಗಿ ಬಂದಾಗಲೂ ಹೊರೆ ಈ ತುದಿಗಳ ಮೇಲೆ ಬೀಳುತ್ತದೆ. ಮುಂಗೈಯಲ್ಲಿ, ಮೊಣಕೈಯಲ್ಲಿ ಸೆಳೆತವಿದ್ದರೆ ಆಟಗಾರ ಚೆಂಡನ್ನು ಅಮುಕುತ್ತಿದ್ದಾನೆ ಎಂದು ತಿಳಿಯಬಹುದು. ವಾರಕ್ಕೆ ನಾಲ್ಕು ದಿನ ಆಡುವವರ ಬೆರಳಿಗೆ ತೆಳು ಜಡ್ಡು ಬರುವುದು ಸಹಜ. ಆದರೆ ಬೌಲಿಂಗ್ ಅಂದಮೇಲೆ ಬೆರಳು ನೋಯಲೇಬೇಕು ಎಂಬ ನಂಬಿಕೆಗೆ ಆಧಾರವಿಲ್ಲ.

ನಿರ್ಲಕ್ಷಿಸಿದರೆ ಇದು ಕಾಯಿಲೆಯವರೆಗೂ ಹೋದೀತು. ಹೆಬ್ಬೆರಳಿನಲ್ಲಿ, ತೋರುಬೆರಳಿನ ಕಡೆಯ ಬದಿಗೆ ಒಂದು ನರ ಚರ್ಮಕ್ಕೆ ಬಹಳ ಹತ್ತಿರ ಹರಿಯುತ್ತದೆ. ತೂತಿನ ಅಂಚು ಪ್ರತಿ ಎಸೆತಕ್ಕೂ ಅದನ್ನು ಒತ್ತುತ್ತ ಹೋದರೆ ನರದ ಸುತ್ತ ನಾರು ಬೆಳೆದು ದಪ್ಪವಾಗುತ್ತದೆ. ಬೆರಳು ಜೋಮು ಹಿಡಿಯುವುದು, ಮುಟ್ಟಿದರೆ ಚುರುಕ್ ಎನ್ನುವುದು, ಕೈಗೆ ಸಿಗುವಂತೆ ಸಣ್ಣ ಗಂಟು ಕಾಣಿಸುವುದು ಲಕ್ಷಣಗಳು. ವೈದ್ಯಕೀಯ ಪುಸ್ತಕಗಳಲ್ಲಿ ಇದರ ಹೆಸರೇ ಬೌಲರ್ಸ್ ಥಂಬ್. ಹೆಚ್ಚಿನವರಿಗೆ ಕೆಲಕಾಲ ಆಟ ನಿಲ್ಲಿಸಿ, ತೂತನ್ನು ದೊಡ್ಡದು ಮಾಡಿಸಿ ಅಥವಾ ಕೋನ ಬದಲಿಸಿ, ಅಂಚು ಉರುಟಾಗಿಸಿದರೆ ಗುಣವಾಗುತ್ತದೆ. ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪ. ಜೋಮು ಹಿಡಿದ ಬೆರಳಿನಲ್ಲೇ ಆಟ ಮುಂದುವರಿಸುವುದು ಮಾತ್ರ ಶುದ್ಧ ಮೂರ್ಖತನ.

ಹೆಬ್ಬೆರಳಿನ ಗೋಜೇ ಬೇಡ ಎಂದವರೂ ಇದ್ದಾರೆ. ಫಿನ್ಲೆಂಡಿನ ಓಸ್ಕು ಪಾಲೆರ್ಮಾ, ಆಸ್ಟ್ರೇಲಿಯದ ಜೇಸನ್ ಬೆಲ್ಮಾಂಟೆ ಚೆಂಡಿಗೆ ಎರಡು ಬೆರಳು ಮಾತ್ರ ಹಾಕಿ, ಇನ್ನೊಂದು ಕೈಯ ಆಸರೆಯಲ್ಲಿ ತೂಗಿ ಬಿಡುವ ಎರಡು ಕೈಯ ಶೈಲಿಯನ್ನು ಜಗತ್ತಿಗೆ ತೋರಿಸಿದರು. ಹಿಂದೆ ಇದನ್ನು ಹುಡುಗಾಟ ಎಂದವರಿದ್ದರು. ಅಮೆರಿಕದ ವೃತ್ತಿಪರ ಟೂರ್‌ನ ಪ್ರಮುಖ ಪ್ರಶಸ್ತಿಗಳಲ್ಲಿ ದಾಖಲೆ ಈಗ ಬೆಲ್ಮಾಂಟೆಯದೇ. ಈ ಶೈಲಿಯವರು ಅಳತೆ ಮಾಡಿಸುವಾಗ ನೆನಪಿಡಬೇಕಾದ ನಿಯಮ ಒಂದಿದೆ. ಯುನೈಟೆಡ್ ಸ್ಟೇಟ್ಸ್ ಬೌಲಿಂಗ್ ಕಾಂಗ್ರೆಸ್ 2020ರ ಆಗಸ್ಟ್ 1ರಿಂದ ಸಮತೋಲಕ್ಕೆಂದು ಕೊರೆಯುತ್ತಿದ್ದ ಹೆಚ್ಚುವರಿ ತೂತನ್ನು ನಿಷೇಧಿಸಿತು. ಚೆಂಡಿನಲ್ಲಿರುವ ಬೆರಳಿನ ತೂತುಗಳನ್ನೆಲ್ಲ ಪ್ರತಿ ಎಸೆತದಲ್ಲೂ ಬಳಸಲೇಬೇಕು. ಹೆಬ್ಬೆರಳು ಬಳಸದವನ ಚೆಂಡಿನಲ್ಲಿ ಹೆಬ್ಬೆರಳಿನ ತೂತು ಇರುವಂತಿಲ್ಲ.

ಬೇಡದ ತೂತನ್ನು ಮುಚ್ಚಲು ಬರುತ್ತದೆ. ದ್ರವ ರೂಪದ ರೆಸಿನ್ ಸುರಿದು, ಗಟ್ಟಿಯಾದ ಮೇಲೆ ಉಜ್ಜಿ ಸಮ ಮಾಡಿ, ಹೊಸ ಅಳತೆಗೆ ಮತ್ತೆ ಕೊರೆಯುತ್ತಾರೆ. ಬೆಳೆಯುವ ಮಕ್ಕಳಿಗೂ, ಬೇರೆಯವರ ಚೆಂಡನ್ನು ಕೊಂಡವರಿಗೂ ಇದೇ ದಾರಿ. ವಯಸ್ಸಾದಂತೆ ಗೆಣ್ಣುಗಳು ಬಿಗಿಯುವುದರಿಂದ 30ರಲ್ಲಿ ಕೂಡಿದ ಸ್ಪ್ಯಾನ್ 60ರಲ್ಲಿ ಉದ್ದ ಎನಿಸುವುದೂ ಉಂಟು. ಆಗ ಚೆಂಡಿನ ತೂಕ ಇಳಿಸುವುದಷ್ಟೇ ಅಲ್ಲ, ಅಳತೆಯನ್ನೂ ಹೊಸದಾಗಿ ತೆಗೆಯಬೇಕು.

ಆಟವನ್ನು ಗಂಭೀರವಾಗಿ ಹಿಡಿಯುವ ಮನಸ್ಸಿರುವವರು ಮೊದಲ ಖರ್ಚನ್ನು ದುಬಾರಿ ರಿಯಾಕ್ಟಿವ್ ಚೆಂಡಿನ ಮೇಲೆ ಹಾಕಬೇಡಿ. ಸಾದಾ ಪಾಲಿಯೆಸ್ಟರ್ ಚೆಂಡೊಂದನ್ನು ತಿಳಿದವರ ಕೈಯಲ್ಲಿ ನಿಮ್ಮ ಬೆರಳಿಗೆ ಕೊರೆಸಿಕೊಳ್ಳಿ. ಹತ್ತಾರು ಆಟ ಆಡಿದ ಮೇಲೆ ಅದೇ ಡ್ರಿಲ್ಲರಿಗೆ ಕೈ ತೋರಿಸಿ ತಿದ್ದಿಸಿ. ಸ್ಪ್ಯಾನ್, ಗಾತ್ರ, ಪಿಚ್ ಬರೆದ ಅಳತೆ ಚೀಟಿಯ ಒಂದು ಪ್ರತಿಯನ್ನು ಕೇಳಿ ಪಡೆದು ಇಟ್ಟುಕೊಳ್ಳಿ. ಮುಂದಿನ ಚೆಂಡು ಬೇರೆ ಊರಿನಲ್ಲಿ ಕೊಂಡರೂ ಅದು ಬೇಕಾಗುತ್ತದೆ.